ಕೆಂಪು ಮೋಟಾರಿಗೆ ಹರಳೆಣ್ಣೆ

ಚಿತ್ರದುರ್ಗ
9 ಸೆಪ್ಟೆಂಬರ್ 1918

ಅಕ್ಕ ಮರುಳಸಿದ್ದಮ್ಮನಿಗೆ ತಮ್ಮ ಪಂಚಾಕ್ಷರಪ್ಪನ ಶರಣು. ಭಾವ ಅಜ್ಜಪ್ಪನವರಿಗೂ ಶರಣು.

ಕಾಗದ ಬರೆದು ಆರು ತಿಂಗಳಾಯಿತು. ಏನಾದರೂ ಬೇಕಾದಾಗ ಮಾತ್ರ ಇವನಿಗೆ ಅಕ್ಕನ ನೆನಪು ಎಂದು ನೀನು ಅನ್ನುವುದು ಇಲ್ಲಿಗೇ ಕೇಳಿಸುತ್ತಿದೆ. ಈ ಸಲವೂ ಕೇಳುವುದಕ್ಕೇ ಬರೆಯುತ್ತಿದ್ದೇನೆ. ನನಗೆ ಹರಳೆಣ್ಣೆ ಬೇಕು, ಎರಡು ಸೀಮೆಎಣ್ಣೆ ಡಬ್ಬದ ತುಂಬ.

ನಗಬೇಡ, ಹೊಟ್ಟೆಗಲ್ಲ. ಮೋಟಾರಿಗೆ.

ನಾನು ಕೆಲಸಕ್ಕಿರುವ ಹತ್ತಿ ಸಾಹುಕಾರ ರೇವಣಸಿದ್ದಪ್ಪನವರು ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡ ಕೆಂಪು ಗಾಡಿಯ ಸಂಗತಿ ಬರೆದಿದ್ದೆನಲ್ಲ, ಅದೇ. ದೊರೆ ಯುದ್ಧಕ್ಕೆ ಹೋದ, ಗಾಡಿ ದುರ್ಗಕ್ಕೆ ಬಂತು. ಹತ್ತು ವರ್ಷದ ಹಿಂದೆ ಪಂದ್ಯದ ಓಟಕ್ಕೆಂದು ಮಾಡಿದ್ದು. ಕೂರುವವರು ಇಬ್ಬರೇ, ಮೇಲೆ ಮುಚ್ಚಿಗೆ ಇಲ್ಲ, ಹಿಂದಿನ ಚಕ್ರಕ್ಕೆ ಸರಪಳಿ. ಓಡಿದರೆ ಗಾಳಿ, ನಿಂತರೆ ನನಗೆ ಎರಡು ದಿನದ ಕೆಲಸ. ನನ್ನ ಎದುರಿಗೆ ಒಂದು ಹಿತ್ತಾಳೆಯ ಎಣ್ಣೆ ಪೆಟ್ಟಿಗೆ, ಅದಕ್ಕೊಂದು ಗಾಜಿನ ಕಿಂಡಿ. ಎಣ್ಣೆ ಹನಿಹನಿಯಾಗಿ ಇಂಜಿನ್ನಿಗೆ ಇಳಿಯುವುದು ಆ ಕಿಂಡಿಯಲ್ಲಿ ಕಾಣುತ್ತಿರಬೇಕು. ಇಳಿದ ಎಣ್ಣೆ ಸುಟ್ಟು ಹೋಗುತ್ತದೆ, ತಿರುಗಿ ಬರುವುದಿಲ್ಲ.

ಬೊಂಬಾಯಿಯಿಂದ ಬರುತ್ತಿದ್ದ ಸೀಮೆಯ ಇಂಜಿನ್ ಎಣ್ಣೆ ಯುದ್ಧ ಶುರುವಾದ ಮೇಲೆ ಸಿಗುವುದೇ ಕಷ್ಟ. ಸಾಹುಕಾರರು ಕೇಳುತ್ತಾರೆ: "ಹೊಂಗೆ ಎಣ್ಣೆ ಹಾಕಲೇ. ಎತ್ತಿನ ಗಾಡಿ ಅಚ್ಚಿಗೆ ಆಗ್ತೈತೆ, ಇದಕ್ಯಾಕೆ ಆಗಲ್ಲ?" ಹೊಂಗೆ ಎಣ್ಣೆ ಕಾದರೆ ಬರೀ ಹೊಗೆ. ಕಡಲೆಕಾಯಿ ಎಣ್ಣೆ ಕಾದರೆ ಅಂಟು. ಹತ್ತಿ ಮಿಲ್ಲಿನ ಎಣ್ಣೆ ನೀರಿನಷ್ಟು ತೆಳು, ಒಳಗೆಲ್ಲ ಸವೆದಿರುವ ಈ ಹಳೆಯ ಇಂಜಿನ್ನಿನಲ್ಲಿ ಅದು ನಿಲ್ಲುವುದೇ ಇಲ್ಲ. ಬೆಂಗಳೂರಿನಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರಿಗೆ ಬರೆದು ಕೇಳಿದೆ. ಪಂದ್ಯದ ಗಾಡಿಗೆ ಹರಳೆಣ್ಣೆಯೇ ಸರಿ, ಯುದ್ಧದ ವಿಮಾನಗಳೂ ಅದರಲ್ಲೇ ಹಾರುತ್ತಿವೆ ಎಂದು ಉತ್ತರ ಬಂತು. ಆದರೆ ಹುರಿದು ಕುಟ್ಟಿ ನೀರಿನಲ್ಲಿ ಕುದಿಸಿದ್ದು ಆಗದು. ಹಸಿ ಬೀಜವನ್ನೇ ಗಾಣಕ್ಕೆ ಹಾಕಿ ತೆಗೆದಿರಬೇಕು, ನೀರಿನ ಪಸೆ ಇರಬಾರದು, ಮೂರು ಸಲ ಬಟ್ಟೆಯಲ್ಲಿ ಸೋಸಿರಬೇಕು.

ಇಡೀ ಜಿಲ್ಲೆಯಲ್ಲಿ ಅಂಥ ಎಣ್ಣೆ ತೆಗೆಯುವ ಕೈ ನನಗೆ ಗೊತ್ತಿರುವುದು ಎರಡು ಜೊತೆ. ಎರಡೂ ನಿಮ್ಮ ಮನೆಯಲ್ಲೇ ಇವೆ.

ನಿನ್ನ ತಮ್ಮ
ಪಂಚಾಕ್ಷರಿ

ಹೊಸದುರ್ಗ
16 ಸೆಪ್ಟೆಂಬರ್ 1918

ಚಿರಂಜೀವಿ ಪಂಚಾಕ್ಷರಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಗಾಣದ ಮರದ ಮೇಲೆ ಕುಳಿತಿದ್ದರು. ಎತ್ತು ತಾನಾಗಿ ನಿಲ್ಲುವಷ್ಟು ಜೋರಾಗಿ ನಕ್ಕರು. "ಗಾಣ ಬ್ಯಾಡ ಅಂತ ಓಡಿಹೋದೋನು ಈಗ ಗಾಣದ ಬಾಗ್ಲಿಗೇ ಬಂದ ನೋಡೇ," ಅಂದರು. ಒಂಬತ್ತು ವರ್ಷದ ನಿನ್ನನ್ನು ಈ ಮನೆಗೆ ಕರೆತಂದಾಗಿನಿಂದ ನಿನಗೇ ಈ ಗಾಣ ಎಂದುಕೊಂಡಿದ್ದವರು ಅವರು. ಹದಿನೆಂಟಕ್ಕೆ ನೀನು ಬೆಂಗಳೂರಿಗೆ ಹೋದೆ ಎಂದು ಒಂದು ವರ್ಷ ನಿನ್ನ ಹೆಸರು ಎತ್ತಲಿಲ್ಲ. ಈಗ ನಿನ್ನ ಕಾಗದ ಬಂದರೆ ಬೀದಿಗೆಲ್ಲ ಕೇಳುವ ಹಾಗೆ ಓದಿಸುತ್ತಾರೆ.

ಹಸಿ ಹರಳು ಅರೆಯುವುದು ಸುಲಭವಲ್ಲ ತಮ್ಮ. ಮರಕ್ಕೆ ಕಚ್ಚಿಕೊಳ್ಳುತ್ತದೆ, ಎತ್ತಿಗೆ ಏದುಸಿರು ಬರುತ್ತದೆ. ಸೋಸಲು ಇಟ್ಟರೆ ಒಂದೊಂದು ಚೊಂಬು ಇಳಿಯುವುದಕ್ಕೂ ಗಳಿಗೆಗಟ್ಟಲೆ ಕಾಯಬೇಕು. ಪಕ್ಕದ ಮನೆ ದುರುಗಕ್ಕ ಬಂದು ನೋಡಿ, "ಯಾವ ಬಾಣಂತಿಗೇ ಇಷ್ಟೊಂದು?" ಎಂದು ಕೇಳಿದಳು. ಮೋಟಾರಿಗೆ ಅಂದರೆ ನಂಬಲೊಲ್ಲಳು.

ಎರಡು ಡಬ್ಬ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದುರ್ಗಕ್ಕೆ ಬರುವ ಕೆಂಚಣ್ಣನ ಎತ್ತಿನ ಗಾಡಿಗೆ ಹಾಕಿದ್ದೇನೆ. ಮೂರು ಸಲ ಸೋಸಿದೆ. ಬಿಸಿಲಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಕೆಳಗೆ ಇವರು ಒಂದು ಸಾಲು ಬರೆಯುತ್ತಾರಂತೆ.

ಅಕ್ಕ

ಪಂಚಾಕ್ಷರಿ, ಎಣ್ಣೆ ಚೆನ್ನಾಗೈತೆ. ಎತ್ತಾದ್ರೆ ಸಗಣಿನಾದ್ರೂ ಹಾಕ್ತೈತೆ, ನಿನ್ನ ಮೋಟಾರು ಅದೂ ಇಲ್ಲ. ಅಜ್ಜಪ್ಪ.

ಚಿತ್ರದುರ್ಗ
4 ಅಕ್ಟೋಬರ್ 1918

ಅಕ್ಕನಿಗೆ ಶರಣು.

ಎಣ್ಣೆಗೆ ಏನು ಹೇಳಲಿ! ಮೊದಲ ದಿನ ಬೆಳಗಿನ ತಂಪಿಗೆ ದಪ್ಪಗಾಗಿ ಇಳಿಯಲಿಲ್ಲ. ಪೆಟ್ಟಿಗೆಗೆ ಬಿಸಿನೀರಿನ ಬಟ್ಟೆ ಸುತ್ತಿದೆ. ಆಮೇಲೆ ನೋಡು, ಒಂದೊಂದು ಹನಿಯೂ ಮಣಿಯ ಹಾಗೆ. ಇಂಜಿನ್ನಿನ ಸದ್ದೇ ಬೇರೆಯಾಯಿತು. ಹಿಂದೆ ಬರುವ ಹೊಗೆಗೆ ದೀಪದ ಕುಡಿ ಆರಿಸಿದ ವಾಸನೆ. ನಾಯಿಗಳು ಕೂಡ ಅಟ್ಟಿಸಿಕೊಂಡು ಬಂದು ಮೂಸಿ ಸುಮ್ಮನೆ ಹೋಗುತ್ತವೆ.

ಆದರೆ ಎರಡೂ ಡಬ್ಬ ಆಗಲೇ ಮುಗಿಯುತ್ತ ಬಂದಿವೆ. ಓಡಾಟ ಹೆಚ್ಚಾಗಿದೆ. ಹಿರಿಯೂರು, ಧರ್ಮಪುರ, ಈ ಕಡೆ ಮದಕರಿಪುರ, ದಿನಾ ಒಂದಲ್ಲ ಒಂದು. ಈ ಹೊತ್ತಿನಲ್ಲಿ ಅಲ್ಲೆಲ್ಲ ಏನು ಕೆಲಸ ಎಂದು ಕೇಳಬೇಡ, ಎಲ್ಲ ಸಾಹುಕಾರರ ಕೆಲಸವೇ. ಇನ್ನು ನಾಲ್ಕು ಡಬ್ಬ ಬೇಕು ಅಕ್ಕ, ಬೇಗ ಬೇಕು. ಕುದಿಸಿದ ಎಣ್ಣೆ ಇಲ್ಲಿ ಸಿಗುತ್ತದೆ, ಹಾಕುವುದಕ್ಕೆ ಧೈರ್ಯವಿಲ್ಲ.

ಹೊಸ ಜ್ವರ ಇಲ್ಲಿಗೂ ಬಂದಿದೆ. ಪೇಟೆಯಲ್ಲಿ ಅರ್ಧ ಅಂಗಡಿ ಮುಚ್ಚಿವೆ. ನಾನು ಅಂಥ ಜಾಗಕ್ಕೆ ಹೋಗುವುದಿಲ್ಲ, ನೀನು ಚಿಂತೆ ಮಾಡಬೇಡ. ನಿಮ್ಮ ಕಡೆ ಹೇಗಿದೆ? ನೀರು ಕಾಯಿಸಿ ಕುಡಿಯಿರಿ. ಭಾವನವರು ಸಂತೆಗೆ ಹೋಗದಿದ್ದರೆ ಒಳ್ಳೆಯದು.

ಪಂಚಾಕ್ಷರಿ

ಹೊಸದುರ್ಗ
12 ಅಕ್ಟೋಬರ್ 1918

ಪಂಚಾಕ್ಷರಿಗೆ ಆಶೀರ್ವಾದ.

ಎರಡು ಡಬ್ಬ ಕಳಿಸಿದ್ದೇನೆ. ನಾಲ್ಕು ಆಗಲಿಲ್ಲ.

ಊರಿಗೆ ಊರೇ ಹಾಸಿಗೆ ಹಿಡಿದಿರುವಾಗ ನಿಮ್ಮ ಸಾಹುಕಾರರಿಗೆ ಗಾಳಿ ಸವಾರಿ ಹೇಗೆ ಬೇಕೆನಿಸುತ್ತದೋ ನನಗೆ ತಿಳಿಯದು. ದುಡ್ಡಿದ್ದವರಿಗೆ ಏನೂ ತಟ್ಟುವುದಿಲ್ಲ. ನೀನು ಅವರ ಅನ್ನ ಉಣ್ಣುವವನು, ಹೇಳಿದ ಕಡೆ ಹೋಗಬೇಕು, ಅದು ಸರಿ. ಆದರೆ ಹರಳು ಅರೆಯುವುದು ಇಲ್ಲಿ ಕೈಗಳೇ ಅಲ್ಲವೇ. ಬೀಜ ಸುಲಿಯುವುದಕ್ಕೆ ಬರುತ್ತಿದ್ದ ಹೆಂಗಸರು ಯಾರೂ ಬರುತ್ತಿಲ್ಲ.

ನಾವು ಚೆನ್ನಾಗಿದ್ದೇವೆ. ಇವರು ಎತ್ತಿಗೆ ಲಾಳ ಕಟ್ಟಿಸಲು ಹೋಗಿದ್ದಾರೆ, ಅದಕ್ಕೆ ಈ ಸಲ ಸಾಲು ಬರೆದಿಲ್ಲ. ನೀನು ಮಾತ್ರ ಈ ಕಡೆ ಬರಬೇಡ. ಹಬ್ಬಕ್ಕೂ ಬರಬೇಡ.

ಅಕ್ಕ

ಚಿತ್ರದುರ್ಗ
18 ಅಕ್ಟೋಬರ್ 1918

ಅಕ್ಕನಿಗೆ ಶರಣು.

ನಿನ್ನ ಕಾಗದ ಎರಡು ದಿನದ ಹಿಂದೆ ಬಂತು. ಬರಬೇಡ ಅಂದಿದ್ದೀಯೆ. ಇಪ್ಪತ್ತು ವರ್ಷದಲ್ಲಿ ಈ ಮಾತು ನಿನ್ನ ಬಾಯಿಂದ ಬಂದಿರಲಿಲ್ಲ. ಭಾವನವರಿಗೂ ನನ್ನ ಮೇಲೆ ಬೇಸರವಿರಬೇಕು, ಇಲ್ಲವಾದರೆ ಲಾಳ ಕಟ್ಟಿಸಿ ಬಂದಾದರೂ ಒಂದು ಸಾಲು ಬರೆಯುತ್ತಿದ್ದರು. ಗಾಣ ಬಿಟ್ಟವನು ಗಾಣದವರನ್ನು ದುಡಿಸುತ್ತಾನೆ ಎಂದು ನಿಮಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಆದರೂ ನಾಚಿಕೆ ಬಿಟ್ಟು ಕೇಳುತ್ತೇನೆ. ಇನ್ನೆರಡು ಡಬ್ಬ. ನೀನು ಕಳಿಸಿದ್ದು ಸೋಮವಾರಕ್ಕೆ ಮುಗಿಯುತ್ತದೆ. ಸಾಹುಕಾರರ ಉಗ್ರಾಣದ ಮೂಲೆಯಲ್ಲಿ ಸೀಮೆಯ ಇಂಜಿನ್ ಎಣ್ಣೆಯ ಹಳೆಯದೊಂದು ಅರ್ಧ ಡಬ್ಬ ಸಿಕ್ಕಿದೆ, ಅದರಲ್ಲಿ ಮೂರು ನಾಲ್ಕು ದಿನ ತಳ್ಳುತ್ತೇನೆ. ಆಮೇಲೆ ನಿನ್ನದೇ ಗತಿ.

ಇನ್ನೇನು ಬರೆಯಲಿ. ಕೂತಲ್ಲೇ ಕಣ್ಣು ಮುಚ್ಚುತ್ತದೆ. ನಿನ್ನೆ ಹಿರಿಯೂರಿನ ದಾರಿಯಲ್ಲಿ ಗಾಡಿ ನಡೆಸುತ್ತಿರುವಾಗಲೇ ಒಂದು ಗಳಿಗೆ ನಿದ್ದೆ ಬಂದಿತ್ತು. ಜೊತೆಗಿದ್ದವರು ಭುಜ ಅಲ್ಲಾಡಿಸಿ, "ನಿಲ್ಲಿಸು, ಮುಖ ತೊಳಕೋ," ಅಂದರು. ಇಬ್ಬರೂ ಕಾಲುವೆಯಲ್ಲಿ ಮುಖ ತೊಳೆದು ಮುಂದಕ್ಕೆ ಹೋದೆವು.

ಪಂಚಾಕ್ಷರಿ

ಹೊಸದುರ್ಗ
23 ಅಕ್ಟೋಬರ್ 1918

ಎರಡು ಡಬ್ಬ ಕಳಿಸಿದೆ. ಕೆಂಚಣ್ಣನಿಗೆ ಜ್ವರ, ಕಾಟಪ್ಪ ತರುತ್ತಾನೆ. ಇನ್ನು ಸ್ವಲ್ಪ ದಿನ ಕೇಳಬೇಡ.

ಅಕ್ಕ

ಹೊಳಲ್ಕೆರೆ
29 ಅಕ್ಟೋಬರ್ 1918

ಅಕ್ಕ,

ಹೊಳಲ್ಕೆರೆಯ ಛತ್ರದ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಎದುರಿಗೆ ಹುಣಿಸೆ ಮರದ ಕೆಳಗೆ ಮೋಟಾರು ಸತ್ತು ಬಿದ್ದಿದೆ. ಎರಡು ಜೊತೆ ಎತ್ತು ಕಟ್ಟಿ ಎಳೆಸಿಕೊಂಡು ಬಂದೆ.

ನಿನಗೊಂದು ಸಂಗತಿ ಮುಚ್ಚಿಟ್ಟಿದ್ದೆ. ಸಾಹುಕಾರರು ಈ ಗಾಡಿ ಹತ್ತದೆ ಒಂದು ತಿಂಗಳಾಯಿತು. ಜ್ವರ ಶುರುವಾದಾಗ ದುರ್ಗದ ಡಾಕ್ಟರು ಬಂದು, ಟಾಂಗಾದಲ್ಲಿ ದಿನಕ್ಕೆ ಒಂದು ಊರು ಮುಟ್ಟುವುದೂ ಕಷ್ಟ, ನಿಮ್ಮ ಮೋಟಾರು ಕೊಡಿ ಎಂದು ಕೇಳಿದರು. ರೇವಣಸಿದ್ದಪ್ಪನವರು ಎರಡನೆಯ ಮಾತಾಡಲಿಲ್ಲ. "ತಗಂಡೋಗ್ರಿ, ಪಂಚಾಕ್ಷರಿನೂ ಕರ್ಕಂಡೋಗ್ರಿ," ಅಂದರು. ಅಂದಿನಿಂದ ದಿನಕ್ಕೆ ಐದು ಊರು, ಆರು ಊರು. ಧರ್ಮಪುರದಲ್ಲಿ ಒಂದೇ ಬೀದಿಯಲ್ಲಿ ಹನ್ನೊಂದು ಮನೆಗೆ ಹೋದೆವು. ನಾನು ಹೊರಗೆ ನಿಲ್ಲುತ್ತೇನೆ ಎಂದುಕೊಳ್ಳಬೇಡ. ಡಾಕ್ಟರ ಕಾಂಪೌಂಡರು ತೀರಿಹೋದ ಮೇಲೆ ಔಷಧಿ ಪೆಟ್ಟಿಗೆ ಹಿಡಿಯುವವನು ನಾನೇ. ನೀನು ಹೆದರುತ್ತೀಯೆ ಎಂದು ಬರೆದಿರಲಿಲ್ಲ.

ಮೊನ್ನೆ 27ನೆಯ ತಾರೀಕು ಹೊರಕೆರೆದೇವಪುರದ ಆಚೆಯ ಒಂದು ಗೊಲ್ಲರಹಟ್ಟಿಗೆ ಹೊರಟಿದ್ದೆವು. ಅಲ್ಲಿ ನಾಲ್ವರು ಮಲಗಿದ್ದಾರೆ ಎಂದು ಪಟೇಲರು ಹೊಳಲ್ಕೆರೆಗೆ ಹೇಳಿಕಳಿಸಿದ್ದರು. ನಿನ್ನ ಹೊಸ ಎಣ್ಣೆ ಹಾಕಿ ಅದು ಎರಡನೆಯ ದಿನ. ದಾರಿಯ ನಡುವೆ ಇಂಜಿನ್ ಕಿರುಗುಟ್ಟಿತು, ಸುಟ್ಟ ವಾಸನೆ ಬಂತು, ಹಿಡಿದುಕೊಂಡು ನಿಂತಿತು. ಡಾಕ್ಟರು ಇಳಿದು, "ಎಷ್ಟು ಹೊತ್ತು ಬೇಕು?" ಎಂದು ಕೇಳಿದರು.

"ಇದು ಇವತ್ತು ಏಳಲ್ಲ ಸ್ವಾಮಿ," ಅಂದೆ.

ಅವರು ಔಷಧಿಯ ಪೆಟ್ಟಿಗೆ ತಾವೇ ಎತ್ತಿಕೊಂಡು ನಡೆದರು. ಐದು ಮೈಲಿ, ಆ ಬಿಸಿಲಿನಲ್ಲಿ. ಅವರು ಮುಟ್ಟುವ ಹೊತ್ತಿಗೆ ಗೊಲ್ಲಪ್ಪ ಎಂಬವನು, ಅವನ ತಮ್ಮ, ತಮ್ಮನ ಹೆಂಡತಿ, ಮೂವರೂ ಹೋಗಿದ್ದರು. ಗೊಲ್ಲಪ್ಪನ ಹೆಂಡತಿ ಹೊನ್ನಕ್ಕ ಒಬ್ಬಳೇ ಉಳಿದಿದ್ದಳು.

ನಾನು ಕೊಳವೆ ಬಿಚ್ಚಿ ನೋಡಿದೆ. ಒಳಗೆಲ್ಲ ಗೋಂದಿನ ಹಾಗೆ ಅಂಟು. ನಾನು ಕೇಳಿದ್ದು ಹಸಿ ಎಣ್ಣೆ, ಮೂರು ಸಲ ಸೋಸಿದ್ದು. ನೀನು ಕಳಿಸಿದ್ದು ಏನು ಅಕ್ಕ? ಕುದಿಸಿದ್ದೇ? ಬೀಜ ಸಾಲದೆ ಕಡಲೆಕಾಯಿ ಎಣ್ಣೆ ಬೆರೆಸಿದೆಯಾ? ಸಾಹುಕಾರನ ಗಾಳಿ ಸವಾರಿಗೆ ಇಷ್ಟು ಸಾಕು ಅಂದುಕೊಂಡೆಯಾ? ಆಗುವುದಿಲ್ಲ ಎಂದು ಎರಡು ಅಕ್ಷರ ಬರೆದಿದ್ದರೆ ಆ ಮೂರು ಜೀವ ಹೀಗೆ ಹೋಗುತ್ತಿರಲಿಲ್ಲ.

ಪಂಚಾಕ್ಷರಪ್ಪ

ಹೊಸದುರ್ಗ
4 ನವೆಂಬರ್ 1918

ಪಂಚಾಕ್ಷರಿ,

ನಿನ್ನ ಕಾಗದ ದೀಪಾವಳಿಯ ದಿನ ಬಂತು. ಹೊಸದುರ್ಗದಲ್ಲಿ ಯಾರ ಮನೆಯಲ್ಲೂ ಹಬ್ಬ ಮಾಡಲಿಲ್ಲ, ಅದರಿಂದ ನಿನ್ನ ಕಾಗದ ಹಬ್ಬ ಕೆಡಿಸಿತು ಎಂದೇನೂ ಇಲ್ಲ.

ನಾನೂ ನಿನಗೊಂದು ಸಂಗತಿ ಮುಚ್ಚಿಟ್ಟಿದ್ದೆ. ನಿನ್ನ ಭಾವ ಅಕ್ಟೋಬರ್ 21ರಂದು ಹೋದರು. ಹತ್ತು ದಿನ ಜ್ವರ. ಲಾಳ ಕಟ್ಟಿಸಲು ಹೋಗಿದ್ದಾರೆ ಎಂದು ಬರೆದಾಗ ಅವರು ನನ್ನ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ್ದರು. ತಿಳಿಸಿದರೆ ನೀನು ಓಡಿ ಬರುತ್ತಿದ್ದೆ. ಈ ಬೀದಿಯಲ್ಲಿ ಜ್ವರವಿಲ್ಲದ ಮನೆಯಿಲ್ಲ. ಇವರೂ, "ಹುಡುಗನ್ನ ಕರೀಬ್ಯಾಡ," ಅಂದರು. ನೀನು ದಿನಾ ಅಂಥ ಬೀದಿಗಳಲ್ಲೇ ತಿರುಗುತ್ತಿದ್ದೀಯೆ ಎಂದು ನಮಗೇನು ಗೊತ್ತು.

ನೀನು ಕೇಳಿದ ಕಡೆಯ ಎರಡು ಡಬ್ಬ ಅವರು ಹೋಗುವ ಹಿಂದಿನ ದಿನ, ಹೋದ ದಿನ ಮತ್ತು ಮಾರನೆಯ ದಿನ ತೆಗೆದದ್ದು. ಮಾತು ನಿಲ್ಲುವುದಕ್ಕೆ ಮುಂಚೆ ಇವರು, "ಪಂಚಾಕ್ಷರಿ ಕೇಳ್ಯಾನೆ, ಕಳ್ಸೇ," ಎಂದಿದ್ದರು. ಅದಕ್ಕೇ ಮಣ್ಣು ಮಾಡಿ ಬಂದವಳು ಎತ್ತು ಹೂಡಿದೆ. ದುರುಗಕ್ಕ ಬೈದಳು.

ನೀನು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಕುದಿಸಿದ ಎಣ್ಣೆ ಹಾಕಲಿಲ್ಲ ಎಂದು ಹೇಳಬಲ್ಲೆ. ಬೇರೆ ಎಣ್ಣೆ ಬೆರೆಸಿದ ನೆನಪಿಲ್ಲ. ಆದರೆ ಮೂರು ಸಲ ಸೋಸಿದೆನೋ, ಎರಡೇ ಸಲವೋ, ಸೋಸಿದ ಬಟ್ಟೆ ಒಣಗಿತ್ತೋ ಒದ್ದೆಯೋ, ಡಬ್ಬ ಒರೆಸಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಆ ಮೂರು ದಿನ ನನ್ನ ತಲೆಯಲ್ಲಿ ಏನೂ ಉಳಿದಿಲ್ಲ. ಆದುದರಿಂದ ನೀನು ಹೇಳುವುದೇ ಇರಬೇಕು.

ಆ ಹಟ್ಟಿಯ ಮೂವರು ಯಾರೆಂದು ತಿಳಿದದ್ದು ಒಳ್ಳೆಯದಾಯಿತು. ಉಳಿದ ಹೆಂಗಸಿಗೆ ಏನಾದರೂ ಕಳಿಸಬೇಕೆಂದರೆ ಏನು ಕಳಿಸುವುದು ಎಂದು ತೋಚುತ್ತಿಲ್ಲ.

ಗಾಣ ನಿಲ್ಲಿಸಿದ್ದೇನೆ. ಎತ್ತನ್ನು ಮುದ್ದಣ್ಣನ ಕೊಟ್ಟಿಗೆಗೆ ಕಳಿಸಿದೆ. ನನ್ನ ಕೈಯಿಂದ ಇನ್ನು ಯಾರಿಗೂ ಎಣ್ಣೆ ಬೇಡ.

ಅಕ್ಕ

ಚಿತ್ರದುರ್ಗ
10 ನವೆಂಬರ್ 1918

ಅಕ್ಕ,

ಭಾವ ಹೋದರು ಎನ್ನುವುದನ್ನು ಎಷ್ಟು ಸಲ ಓದಿದೆನೋ. ಸೈಕಲ್ಲು ಕಲಿಯುತ್ತೇನೆ ಎಂದು ಬಿದ್ದು ಕೈ ಮುರಿದುಕೊಂಡಾಗ ನನ್ನನ್ನು ಹೆಗಲ ಮೇಲೆ ಹೊತ್ತು ಎಲುಬು ಕಟ್ಟುವವನ ಮನೆಗೆ ನಡೆದವರು. ಅವರಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲ ನಾನು. ಅವರ ಮೇಲೆ ಬೇಸರಪಟ್ಟುಕೊಂಡು ಕೂತಿದ್ದೆ, ಸಾಲು ಬರೆಯಲಿಲ್ಲ ಎಂದು.

ಈಗ ಬರೆಯುವುದನ್ನು ನಿಧಾನವಾಗಿ ಓದು. ನಿನ್ನ ಎಣ್ಣೆಯಲ್ಲಿ ದೋಷವಿರಲಿಲ್ಲ. ತಪ್ಪು ನನ್ನದು.

ಉಸ್ತಾದರು ಇನ್ನೊಂದು ಮಾತು ಬರೆದಿದ್ದರು. ಅದು ನನ್ನ ಕೆಲಸಕ್ಕೆ ಸೇರಿದ್ದು, ಅದಕ್ಕೆ ನಿನಗೆ ತಿಳಿಸಿರಲಿಲ್ಲ. ಹರಳೆಣ್ಣೆ ಮತ್ತು ಸೀಮೆಯ ಇಂಜಿನ್ ಎಣ್ಣೆ ಎಂದಿಗೂ ಸೇರಬಾರದು. ಒಂದು ಬಿಟ್ಟು ಇನ್ನೊಂದು ಹಾಕುವ ಮುಂಚೆ ಪೆಟ್ಟಿಗೆ, ಕೊಳವೆ, ಇಂಜಿನ್ ಎಲ್ಲವನ್ನೂ ಸೀಮೆಎಣ್ಣೆಯಿಂದ ತೊಳೆದು ಒಣಗಿಸಬೇಕು. ಉಗ್ರಾಣದಲ್ಲಿ ಸಿಕ್ಕ ಹಳೆಯ ಎಣ್ಣೆಗೆ ಹೋಗುವಾಗಲೂ ನಾನು ತೊಳೆಯಲಿಲ್ಲ. ನಿನ್ನ ಡಬ್ಬ ಬಂದಾಗಲೂ ತೊಳೆಯಲಿಲ್ಲ. ಪೂರಾ ಬಿಚ್ಚಿ ತೊಳೆಯುವುದು ಅರ್ಧ ದಿನದ ಕೆಲಸ. ಡಾಕ್ಟರು ಹೊರಡಲು ಕಾಯುತ್ತಿದ್ದರು, ನನಗೆ ಕೈ ಎತ್ತಲು ಆಗುತ್ತಿರಲಿಲ್ಲ. ಇದ್ದದ್ದರ ಮೇಲೇ ಸುರಿದೆ. ಹೊರಕೆರೆದೇವಪುರದ ದಾರಿಯಲ್ಲಿ ಗಾಜಿನ ಕಿಂಡಿ ಮಂಜಾದದ್ದನ್ನೂ ಕಂಡೆ. ಹನಿ ಕಾಣುತ್ತಿರಲಿಲ್ಲ. ನಿಲ್ಲಿಸಬೇಕಿತ್ತು. ಅಂಗಿಯ ತೋಳಿನಿಂದ ಒರೆಸಿ ಮುಂದಕ್ಕೆ ಓಡಿಸಿದೆ.

ಗಾಡಿ ದುರ್ಗಕ್ಕೆ ತಂದ ಮೇಲೆ 31ನೆಯ ತಾರೀಕು ಡಬ್ಬದಲ್ಲಿ ಉಳಿದಿದ್ದ ನಿನ್ನ ಎಣ್ಣೆಯನ್ನು ಒಂದು ಲೋಟಕ್ಕೆ ಸುರಿದು ಬಿಸಿಲಿಗೆ ಹಿಡಿದೆ. ಆಚೆಯ ಗೋಡೆ ಕಾಣುತ್ತಿತ್ತು. ಬಾಣಲೆಯಲ್ಲಿ ಅದಷ್ಟನ್ನೇ ಕಾಯಿಸಿದೆ, ಏನೂ ಆಗಲಿಲ್ಲ. ಸೀಮೆಯ ಇಂಜಿನ್ ಎಣ್ಣೆ ಎರಡು ಚಮಚ ಸೇರಿಸಿ ಕಾಯಿಸಿದೆ. ಇಂಜಿನ್ನಿನಲ್ಲಿದ್ದ ಅದೇ ಗೋಂದು ಎದ್ದು ಬಂತು.

ಅಂದೇ ನಿನಗೆ ಬರೆಯಬೇಕಿತ್ತು. ಬರೆಯಲಿಲ್ಲ. ಇವತ್ತು ಬರೆಯೋಣ, ನಾಳೆ ಬರೆಯೋಣ ಎಂದು ಹತ್ತು ದಿನ ಸುಮ್ಮನಿದ್ದೆ. ನೀನು ನನಗೆ ಚೆನ್ನಾಗಿ ಬೈದು ಒಂದು ಕಾಗದ ಬರೆಯುತ್ತೀಯೆ, ಆಗ ಒಪ್ಪಿಕೊಳ್ಳುವುದು ಸುಲಭ ಎಂದು ಕಾಯುತ್ತಿದ್ದೆ. ನೀನು ಬೈಯಲಿಲ್ಲ. ನಾನು ಹೊರಿಸಿದ್ದನ್ನು ತೆಗೆದುಕೊಂಡು ಹೊತ್ತುಬಿಟ್ಟೆ.

ಡಾಕ್ಟರಿಗೆ ಹೇಳಿದೆ. ಅವರು ಬಹಳ ಹೊತ್ತು ಕೈ ತೊಳೆಯುತ್ತಲೇ ಇದ್ದರು. ಆಮೇಲೆ, "ನನ್ನ ಪೆಟ್ಟಿಗೆಯಲ್ಲಿ ಏನಿತ್ತು ಪಂಚಾಕ್ಷರಿ? ಕ್ವಿನೈನು, ಕೆಮ್ಮಿನ ಔಷಧಿ. ಮೂರು ಗಂಟೆ ಮುಂಚೆ ಹೋಗಿದ್ದರೆ ಬದುಕುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ," ಅಂದರು. ಸಮಾಧಾನಕ್ಕೆ ಹೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಗೊತ್ತಿಲ್ಲ.

ಹೊಸದುರ್ಗಕ್ಕೆ ಬರಲಾ? ಈ ವಾರವೇ ಬರುತ್ತೇನೆ.

ಪಂಚಾಕ್ಷರಿ

ಹೊಸದುರ್ಗ
15 ನವೆಂಬರ್ 1918

ಬರಬೇಡ.

ಆರು ದಿನವೋ ಎಂಟು ದಿನವೋ, ಆ ಮೂವರನ್ನು ನಾನೇ ಕೊಂದೆ ಎಂದುಕೊಂಡು ಬದುಕಿದೆ. ಎದ್ದರೆ ಗೊಲ್ಲಪ್ಪ, ಕೂತರೆ ಗೊಲ್ಲಪ್ಪ. ನನ್ನ ಗಂಡನನ್ನು ನೆನೆಯುವುದಕ್ಕೂ ಮುಖವಿಲ್ಲ ಎನ್ನಿಸಿತ್ತು. ಯಾಕೆಂದರೆ ಅವರು ಕಡೆಯದಾಗಿ ಹೇಳಿದ ಕೆಲಸವನ್ನೇ ಕೆಡಿಸಿದೆ ಎಂದುಕೊಂಡಿದ್ದೆ. ನಿನಗೆ 31ಕ್ಕೇ ತಿಳಿದಿತ್ತು. ಒಂದು ಕಾರ್ಡು ಹಾಕಿದ್ದರೆ ನನ್ನ ಕಾಗದ ನಿನ್ನ ಕೈ ಸೇರುವುದಕ್ಕೆ ಮುಂಚೆಯೇ ಅದು ನನ್ನ ಕೈ ಸೇರುತ್ತಿತ್ತು.

ತೊಳೆಯದೆ ಸುರಿದದ್ದು ನನಗೆ ಅರ್ಥವಾಗುತ್ತದೆ. ದಣಿದ ಕೈ ಏನು ಮಾಡುತ್ತದೆ ಎಂದು ನನಗೆ ಗೊತ್ತು. ಆ ಹತ್ತು ದಿನ ಅರ್ಥವಾಗುವುದಿಲ್ಲ.

ಈಗ ನಿನ್ನ ಮುಖ ನೋಡಲಾರೆ. ನೋಡಬಹುದು ಎನ್ನಿಸಿದ ದಿನ ಬರೆಯುತ್ತೇನೆ. ಊಟ ಸರಿಯಾಗಿ ಮಾಡು.

ಮರುಳಸಿದ್ದಮ್ಮ

ಚಿತ್ರದುರ್ಗ
2 ಡಿಸೆಂಬರ್ 1918

ಅಕ್ಕನಿಗೆ ಶರಣು.

ನೀನು ಬರೆಯುತ್ತೇನೆ ಎಂದ ಮೇಲೆ ನಾನು ಕಾಯಬೇಕಿತ್ತು. ಆದರೆ ಈ ಒಂದು ಸಂಗತಿಯನ್ನು ಹತ್ತು ದಿನ ಇಟ್ಟುಕೊಳ್ಳುವುದು ಬೇಡ ಎನ್ನಿಸಿತು.

ಜ್ವರ ಇಳಿಯುತ್ತಿದೆ. ಯುದ್ಧವೂ ನಿಂತಿತಂತೆ, ಪೇಟೆಯಲ್ಲಿ ಬಾವುಟ ಕಟ್ಟಿದ್ದರು. ಮೋಟಾರಿನ ಸುಟ್ಟುಹೋದ ಭಾಗದ ಬದಲಿಗೆ ಹೊಸದು ಬೆಂಗಳೂರಿನಿಂದ ರೈಲಿನಲ್ಲಿ ಬಂತು. ಎಲ್ಲ ಬಿಚ್ಚಿ, ಒಂದೊಂದು ಕೊಳವೆಯನ್ನೂ ತೊಳೆದು, ಬಿಸಿಲಿಗೆ ಇಟ್ಟು ಜೋಡಿಸಿದೆ. ನಿನ್ನ ಡಬ್ಬದಲ್ಲಿ ಉಳಿದಿದ್ದ ಎಣ್ಣೆಯಲ್ಲೇ ಈಗ ಓಡುತ್ತಿದೆ. ಮೊದಲು ಹೋಗಬೇಕಾದ್ದು ಆ ಹಟ್ಟಿಗೆ ಎಂದು ಡಾಕ್ಟರಿಗೆ ಹೇಳಿದೆ. ಅವರು ಬರಲಿಲ್ಲ, "ಅದು ನಿನ್ನ ಕೆಲಸ, ನೀನು ಹೋಗು," ಅಂದರು.

ಹಟ್ಟಿಯ ಬೇಲಿಯ ಹೊರಗೇ ಗಾಡಿ ನಿಲ್ಲಿಸಿ, ಅವರ ಕಟ್ಟಳೆಯಂತೆ ಕಾಲಿನ ಕೆರ ಬಿಟ್ಟು ಒಳಗೆ ಹೋದೆ. ಹೊನ್ನಕ್ಕ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಐವತ್ತು ದಾಟಿರಬೇಕು, ಜ್ವರದಿಂದ ಕೂದಲು ಉದುರಿದೆ. ನಾನು ಯಾರು ಎಂದು ಹೇಳಿದೆ. ಅಂದು ಡಾಕ್ಟರನ್ನು ಕರೆತರುತ್ತಿದ್ದವನು ನಾನು, ಎಣ್ಣೆ ಬದಲಿಸುವಾಗ ತೊಳೆಯದೆ ಬಿಟ್ಟೆ, ಅದರಿಂದ ಗಾಡಿ ನಿಂತಿತು, ತಡವಾಯಿತು, ಎಂದು ಎಲ್ಲವನ್ನೂ ಹೇಳಿದೆ.

ಅವಳು ಸೊಪ್ಪು ಕೆಳಗಿಟ್ಟು ಕೇಳಿದಳು. ಆಮೇಲೆ ಅಂದಳು: "ಡಾಕ್ಟ್ರು ಬರ್ತಾರೆ ಅಂತ ನಮ್ಗೆ ಗೊತ್ತೇ ಇರ್ಲಿಲ್ಲಪ್ಪ. ಯಾರೂ ಹೇಳಿರ್ಲಿಲ್ಲ. ನಮ್ಮಂಥೋರ ಹಟ್ಟಿಗೆ ಯಾರು ಬರ್ತಾರೆ ಅಂತ ನಾವು ಯಾರ ದಾರಿನೂ ಕಾಯ್ಲಿಲ್ಲ."

ಬೈದಿದ್ದರೆ ಕೇಳಿಸಿಕೊಂಡು ಬರಬಹುದಿತ್ತು.

ಅವಳು ಮತ್ತೆ ಸೊಪ್ಪು ಕೈಗೆತ್ತಿಕೊಂಡು, "ಬರಾಕೆ ಹೊರಟಿದ್ರಾ?" ಎಂದು ಕೇಳಿದಳು.

"ಹೂಂ. ಹೊರಟಿದ್ವಿ."

"ಹಂಗಾದ್ರೆ ನೀವು ಹೊರಟಿದ್ದು ನಮ್ಮೆಜಮಾನ್ರಿಗೆ ತಿಳೀದೇ ಹೋತಲ್ಲ," ಅಂದಳು. ಅಷ್ಟೇ. ಮಜ್ಜಿಗೆ ಕೊಟ್ಟಳು, ಕುಡಿದೆ.

ನೀನು ಏನಾದರೂ ಕಳಿಸಬೇಕು ಅಂದಿದ್ದೆಯಲ್ಲ. ಏನೂ ಬೇಡ ಎನ್ನಿಸುತ್ತದೆ. ವಾರಕ್ಕೊಮ್ಮೆ ಆ ಕಡೆ ಹೋದಾಗ ಅವಳನ್ನು ಕಂಡು ಬರುತ್ತೇನೆ.

ಪಂಚಾಕ್ಷರಿ

ಹೊಸದುರ್ಗ
12 ಡಿಸೆಂಬರ್ 1918

ಪಂಚಾಕ್ಷರಿ,

ಹೊನ್ನಕ್ಕನ ಮಾತು ಓದಿದ ಮೇಲೆ ಅತ್ತೆ. ಇವರು ಹೋದಾಗ ಅತ್ತಿರಲಿಲ್ಲ. ಅಂದು ಬೀದಿಯಲ್ಲಿ ಇನ್ನೂ ಇಬ್ಬರನ್ನು ಮಣ್ಣು ಮಾಡುವುದಿತ್ತು, ಹೊತ್ತವರಿಗೇ ಮೈ ಸುಡುತ್ತಿತ್ತು. ಆಮೇಲೆ ನಿನ್ನ ಡಬ್ಬ, ಆಮೇಲೆ ನಿನ್ನ ಕಾಗದ. ಅಳುವುದಕ್ಕೆ ಎಡೆಯೇ ಸಿಕ್ಕಿರಲಿಲ್ಲ. ಮೊನ್ನೆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅತ್ತೆ. ದುರುಗಕ್ಕ ಹೊರಗೆ ಕೂತಿದ್ದವಳು ಒಳಗೆ ಬರಲಿಲ್ಲ, ಎದ್ದೂ ಹೋಗಲಿಲ್ಲ.

ಕೋಪ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇದೆ. ಆದರೆ ಅದನ್ನು ಹಿಡಿದುಕೊಂಡು ಕೂರುವುದಕ್ಕೂ ಮೈಯಲ್ಲಿ ತ್ರಾಣ ಬೇಕು.

ಈ ಮನೆಯಲ್ಲಿ ಒಬ್ಬಳಿಂದ ಆಗದ ಕೆಲಸ ಬಹಳ ಬಿದ್ದಿದೆ. ಹಿತ್ತಲ ಗೋಡೆ ಒಂದು ಕಡೆ ಕುಸಿದಿದೆ. ಇವರ ಅಂಗಿ, ರುಮಾಲು, ದುಪ್ಪಟಿ ಎಲ್ಲ ಗೂಟದಲ್ಲಿ ಹಾಗೆಯೇ ತೂಗುತ್ತಿವೆ. ನನಗೆ ತೆಗೆಯಲು ಕೈ ಬರುವುದಿಲ್ಲ, ಬೇರೆಯವರು ತೆಗೆಯುವುದು ಇಷ್ಟವಿಲ್ಲ. ಅದನ್ನು ನೀನು ಮಾಡಬೇಕು.

ಬಾ. ಮೋಟಾರಿನಲ್ಲಿ ಬೇಡ, ಬೀದಿಯವರೆಲ್ಲ ಸುತ್ತ ನೆರೆದು ನಿನ್ನನ್ನು ಮಾತಾಡಿಸುತ್ತಾರೆ. ಯಾವುದಾದರೂ ಎತ್ತಿನ ಗಾಡಿ ಹಿಡಿದು ಬಾ. ನಾನು ತಕ್ಷಣ ಮಾತಾಡದೆ ಹೋಗಬಹುದು, ತಪ್ಪು ತಿಳಿಯಬೇಡ. ಕೈಕಾಲು ತೊಳೆದು ಉಣ್ಣು, ಆಮೇಲೆ ಮಲಗು. ಎಷ್ಟು ಹೊತ್ತು ಬೇಕಾದರೂ ಮಲಗು, ಎಬ್ಬಿಸುವುದಿಲ್ಲ. ನೀನು ಎದ್ದ ಮೇಲೆ ಇಬ್ಬರೂ ಇವರ ಸಮಾಧಿಯ ಹತ್ತಿರ ಹೋಗಿ ಬರೋಣ.

ಇದನ್ನು ಬರೆಯುತ್ತಿರುವಾಗ ದುರುಗಕ್ಕ ಬಂದು, "ನಿನ್ನ ತಮ್ಮ ಬರ್ತಾನೇನೇ?" ಎಂದು ಕೇಳಿದಳು.

"ಬರ್ತಾನೆ," ಅಂದೆ.

ಅಕ್ಕ